ಆಟದ ಸ್ಟೀರಿಂಗ್‌ಗೆ ಒಂದೂವರೆ ಲಕ್ಷ ಕೊಡಬಹುದಾ?

ಕೃಷ್ಣರಾಜಪುರದ ದೂರವಾಣಿನಗರದಿಂದ ಹಿರಿಯರೊಬ್ಬರು ಫೋನ್ ಮಾಡಿದ್ದರು. ಐಟಿಐ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. "ದಿನಾ ರಾಜಕೀಯ ಹೇಳ್ತೀರಿ ಸಾರ್, ಒಂದಿನ ನಮ್ಮ ಮನೆ ರಾಜಕೀಯ ಕೇಳ್ತೀರಾ?" ಅಂದರು. ಮನೆ ರಾಜಕೀಯ ಇಷ್ಟು. ಮಗನಿಗೆ ಇಪ್ಪತ್ನಾಲ್ಕು ವರ್ಷ, ವೈಟ್‌ಫೀಲ್ಡ್ ಕಡೆ ಕೆಲಸ, ಸೇರಿ ಎರಡು ವರ್ಷ ಆಗಿದೆ. ಮನೆಯಲ್ಲಿ ಕಾರಿಲ್ಲ. ಆದರೆ ಕಾರ್ ರೇಸ್ ಗೇಮ್ ಆಡೋಕೆ ಒಂದು ಸ್ಟೀರಿಂಗು, ಪೆಡಲ್ಲು, ಅವನ್ನ ಕೂರಿಸೋಕೆ ಒಂದು ಕಬ್ಬಿಣದ ಸ್ಟ್ಯಾಂಡು ಅಂತ ಒಂದೂವರೆ ಲಕ್ಷದ ಪಟ್ಟಿ ರೆಡಿ ಮಾಡಿಟ್ಟಿದ್ದಾನೆ. ಇಎಂಐನಲ್ಲಿ ತಗೊಳ್ತಾನಂತೆ. ಅದೇ ತಿಂಗಳು ಮಗಳ ಇಂಜಿನಿಯರಿಂಗ್ ಫೀಸು ಕಟ್ಟಬೇಕು. "ಆ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಕಾರೇ ಬರತ್ತಲ್ಲ ಸಾರ್. ಆಟದ ಸಾಮಾನಿನಲ್ಲಿ ಅಂಥದ್ದೇನಿದೆ?"

ಇಂಥ ಪ್ರಶ್ನೆ ಬಂದ ಕೂಡಲೇ ನಮ್ಮ ಜನ ಪಂಚಾಯಿತಿ ಕಟ್ಟೆ ಹತ್ತಿಬಿಡ್ತಾರೆ. ಈಗಿನ ಹುಡುಗರಿಗೆ ದುಡ್ಡಿನ ಬೆಲೆ ಗೊತ್ತಿಲ್ಲ, ಮೊಬೈಲ್ ಬಂದು ಎಲ್ಲ ಹಾಳಾಯ್ತು, ನಮ್ಮ ಕಾಲದಲ್ಲಿ ಬುಗುರಿ ಆಡ್ತಿದ್ವಿ. ಅದು ಪ್ರಶ್ನೆಗೆ ಉತ್ತರ ಅಲ್ಲ. ಆ ಯಜಮಾನರು ಕೇಳಿದ್ದು ನೆಟ್ಟಗಿನ ಪ್ರಶ್ನೆ: ಅದರೊಳಗೆ ಏನಿದೆ? ಟೆಲಿಫೋನ್ ಎಕ್ಸ್‌ಚೇಂಜ್‌ನ ಒಳಗನ್ನ ಕೈಯಾರೆ ಜೋಡಿಸಿದ ಮನುಷ್ಯ ಹಾಗೇ ಕೇಳೋದು. ಆದ್ದರಿಂದ ಇವತ್ತು ಬಿಚ್ಚಿ ನೋಡೋಣ.

ಮೊದಲು ಅಗ್ಗದ್ದು. ಎರಡು ಕೈಯಲ್ಲಿ ಹಿಡಿದು ಹೆಬ್ಬೆರಳಲ್ಲಿ ಆಡೋ ಗೇಮ್‌ಪ್ಯಾಡ್ ಎಲ್ಲರ ಮನೇಲೂ ನೋಡಿರ್ತೀರಿ. ಅದರಲ್ಲಿ ಕಾರನ್ನ ಪೂರ್ತಿ ಎಡಕ್ಕೆ ತಿರುಗಿಸೋಕೆ ಹೆಬ್ಬೆರಳು ಅರ್ಧ ಇಂಚು ಸರಿದರೆ ಸಾಕು. ಮನೆಗೆ ತರುವ ಸ್ಟೀರಿಂಗ್ ಒಂದು ತುದಿಯಿಂದ ಇನ್ನೊಂದು ತುದಿಗೆ 900 ಡಿಗ್ರಿ, ಅಂದರೆ ಎರಡೂವರೆ ಸುತ್ತು ತಿರುಗತ್ತೆ. ಅರ್ಧ ಇಂಚಿನಲ್ಲಿ ಮಾಡೋ ಕೆಲಸವನ್ನ ಎರಡೂವರೆ ಸುತ್ತಿನಲ್ಲಿ ಹರಡಿಕೊಂಡರೆ ನಾಜೂಕು ತಾನಾಗೇ ಬರತ್ತೆ. ಇಷ್ಟಕ್ಕೇ ಆಗಿದ್ದರೆ ಒಂದು ಪ್ಲಾಸ್ಟಿಕ್ ಚಕ್ರ, ಒಂದು ಸ್ಪ್ರಿಂಗು ಸಾಕಿತ್ತು. ಮೂರು ಸಾವಿರಕ್ಕೂ ಅಂಥವು ಸಿಗ್ತವೆ. ಅವು ಮಕ್ಕಳ ಆಟಿಕೆ, ಬಿಟ್ಟುಬಿಡಿ.

ದುಡ್ಡು ಹೋಗೋದು ಒಳಗಿರೋ ಮೋಟಾರಿಗೆ. ನಿಜವಾದ ಕಾರಲ್ಲಿ ಸ್ಟೀರಿಂಗ್ ಹಿಡಿದವರಿಗೆ ಗೊತ್ತು, ಚಕ್ರ ನಮ್ಮ ಮಾತು ಕೇಳೋದು ಮಾತ್ರ ಅಲ್ಲ, ನಮಗೆ ತಿರುಗಿ ಮಾತಾಡತ್ತೆ. ಗುಂಡಿಗೆ ಇಳಿದರೆ ಕೈಗೆ ಒದೆಯತ್ತೆ. ಮಳೆಯಲ್ಲಿ ಮುಂದಿನ ಟೈರು ಹಿಡಿತ ಬಿಟ್ಟರೆ ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರ ಆಗತ್ತೆ. ಎದೆ ಧಸಕ್ ಅನ್ನೋದು ಆಮೇಲೆ, ಮೊದಲು ಕೈಗೇ ಸುದ್ದಿ ಬರೋದು. ಆಟದ ಸ್ಟೀರಿಂಗ್ ಒಳಗಿನ ಮೋಟಾರು ಈ ಸುದ್ದಿ ತಲುಪಿಸುತ್ತೆ. ಗೇಮ್ ಲೆಕ್ಕ ಹಾಕತ್ತೆ, ಟೈರಿನ ಮೇಲೆ ಈಗ ಇಷ್ಟು ಬಲ ಬೀಳ್ತಿದೆ ಅಂತ. ಮೋಟಾರು ಅಷ್ಟು ಬಲದಲ್ಲಿ ನಿಮ್ಮ ಕೈಯನ್ನ ಎಳೆಯತ್ತೆ. ಫೋರ್ಸ್ ಫೀಡ್‌ಬ್ಯಾಕ್ ಅಂತಾರೆ.

ಈ ಮೋಟಾರಿನ ಬಲವನ್ನ ನ್ಯೂಟನ್ ಮೀಟರ್ ಲೆಕ್ಕದಲ್ಲಿ ಹೇಳ್ತಾರೆ. ಭಯ ಬೇಡ, ಕಿಲೋ ಲೆಕ್ಕಕ್ಕೆ ತಂದುಬಿಡೋಣ. 2015ರಲ್ಲಿ ಬಂದ ಲಾಜಿಟೆಕ್ ಜಿ29 ಅನ್ನೋ ಸ್ಟೀರಿಂಗ್ ಇವತ್ತಿಗೂ ನಮ್ಮೂರಲ್ಲಿ ಹೆಚ್ಚು ಜನ ಶುರು ಮಾಡೋ ಮಾಡೆಲ್ಲು, ಪೆಡಲ್ ಸಮೇತ ಮೂವತ್ತು ಸಾವಿರದ ಆಸುಪಾಸು. ಅದರ ಬಲ ಸುಮಾರು 2.2 ನ್ಯೂಟನ್ ಮೀಟರ್. ಅಂದರೆ ಚಕ್ರದ ಅಂಚಿಗೆ ಒಂದೂವರೆ ಕಿಲೋ ಬೆಲ್ಲ ಕಟ್ಟಿ ನೇತುಹಾಕಿದರೆ ಎಷ್ಟು ಎಳೆಯತ್ತೋ ಅಷ್ಟು. ಎರಡು ಪುಟ್ಟ ಮೋಟಾರು, ನಡುವೆ ಹಲ್ಲಿನ ಗೇರು. ಆ ಗೇರು ಇದೆಯಲ್ಲ, ಸಣ್ಣ ಸಣ್ಣ ಸುದ್ದಿಯನ್ನ ಅದು ನುಂಗಿಬಿಡತ್ತೆ. ದೊಡ್ಡ ಗುಂಡಿ ಗೊತ್ತಾಗತ್ತೆ, ಟೈರು ಈಗಷ್ಟೇ ಜಾರೋಕೆ ಶುರು ಮಾಡ್ತು ಅನ್ನೋ ಪಿಸುಮಾತು ಕಟಕಟ ಸದ್ದಿನಲ್ಲಿ ಕಳೆದುಹೋಗತ್ತೆ. ಗೇರಿನ ಬದಲು ಬೆಲ್ಟ್ ಹಾಕಿದರೆ ನುಣುಪು ಜಾಸ್ತಿ, ಬೆಲೆಯೂ ಜಾಸ್ತಿ. ಅದಕ್ಕಿಂತ ಮೇಲಿನದು ಡೈರೆಕ್ಟ್ ಡ್ರೈವ್. ಗೇರೂ ಇಲ್ಲ ಬೆಲ್ಟೂ ಇಲ್ಲ, ಒಂದು ದಪ್ಪ ಮೋಟಾರು, ಅದರ ಶಾಫ್ಟಿಗೇ ಚಕ್ರ ಬಿಗಿದಿರೋದು. ಲಾಜಿಟೆಕ್‌ನವರೇ 2022ರಲ್ಲಿ ತಂದ ಪ್ರೊ ಮಾಡೆಲ್ಲಿಗೆ 11 ನ್ಯೂಟನ್ ಮೀಟರ್. ಅಂಚಿಗೆ ಏಳೂವರೆ ಕಿಲೋ ಕಟ್ಟಿದ ಹಾಗೆ. ಬಂದಾಗ ಅಮೆರಿಕದಲ್ಲಿ ಅದರ ಬೆಲೆ 999 ಡಾಲರ್ ಇತ್ತು, ಪೆಡಲ್ಲಿಗೆ ಬೇರೆ 349 ಡಾಲರ್. ಇಲ್ಲಿಗೆ ಬರೋವಾಗ ಸುಂಕ, ಜಿಎಸ್‌ಟಿ, ಸಾಗಣೆ ಎಲ್ಲ ಸೇರಿ ಹುಡುಗ ಬರೆದಿಟ್ಟ ಪಟ್ಟಿಯ ಹತ್ತಿರ ಬಂದು ನಿಲ್ಲತ್ತೆ. ಇನ್ನೂ ಮೇಲಕ್ಕೆ ಹೋದರೆ ಫಿನ್ಲೆಂಡಿನ ಸಿಮ್ಯೂಕ್ಯೂಬ್‌ನವರ 32 ನ್ಯೂಟನ್ ಮೀಟರ್ ಮೋಟಾರು. ಇಪ್ಪತ್ತು ಕಿಲೋ ಮೇಲಾಯ್ತು. ಗೋಡೆಗೆ ಗುದ್ದಿದಾಗ ಹೆಬ್ಬೆರಳು ಕಡ್ಡಿಗೆ ಸಿಕ್ಕಿಕೊಂಡಿದ್ದರೆ ಉಳುಕೋದು ಗ್ಯಾರಂಟಿ. ಆಟ ಆಡೋಕೆ ಹೋಗಿ ಬ್ಯಾಂಡೇಜು!

ಹಾಗಾದರೆ 30 ಸಾವಿರದ್ದಕ್ಕೂ ಒಂದೂವರೆ ಲಕ್ಷದ್ದಕ್ಕೂ ಐದು ಪಟ್ಟು ವ್ಯತ್ಯಾಸ ಕೈಗೆ ಗೊತ್ತಾಗತ್ತಾ? ವ್ಯತ್ಯಾಸ ಖಂಡಿತ ಗೊತ್ತಾಗತ್ತೆ, ಐದು ಪಟ್ಟು ಇಲ್ಲ. ಗೇಮ್‌ಪ್ಯಾಡಿನಿಂದ ಮೊದಲ ಸ್ಟೀರಿಂಗಿಗೆ ಬರೋದು ದೊಡ್ಡ ಜಿಗಿತ. ಅಲ್ಲಿಂದ ಐದಾರು ನ್ಯೂಟನ್ ಮೀಟರಿನ ಸಣ್ಣ ಡೈರೆಕ್ಟ್ ಡ್ರೈವ್‌ಗೆ ಹೋಗೋದು ಇನ್ನೊಂದು ಒಳ್ಳೆ ಹೆಜ್ಜೆ. ಆಮೇಲೆ ಪ್ರತಿ ಸಾವಿರಕ್ಕೂ ಸಿಗೋದು ಕಮ್ಮಿ ಆಗ್ತಾ ಹೋಗತ್ತೆ. ಫಿಲ್ಟರ್ ಕಾಫಿಗೆ ಎರಡನೇ ಚಮಚ ಸಕ್ಕರೆ ಹಾಕಿದಾಗ ರುಚಿ ಗೊತ್ತಾಗತ್ತೆ, ಆರನೇ ಚಮಚದಲ್ಲಿ ಏನಿದೆ?

ಈ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಸ್ಟೀರಿಂಗ್ ಅಲ್ಲ, ಬ್ರೇಕು. ಅಗ್ಗದ ಸೆಟ್ಟಿನ ಬ್ರೇಕ್ ಪೆಡಲ್ ಕೆಳಗೆ ಪೊಟೆನ್ಷಿಯೋಮೀಟರ್ ಇರತ್ತೆ. ಹಳೇ ರೇಡಿಯೋದ ವಾಲ್ಯೂಮ್ ತಿರುಗಣೆ ನೆನಪಿದೆಯಾ? ಅದೇ. ಪೆಡಲ್ ಎಷ್ಟು ದೂರ ಕೆಳಗೆ ಹೋಯ್ತು ಅಂತ ಅದು ಅಳೆಯತ್ತೆ. ಆದರೆ ನಿಜವಾದ ಕಾರಲ್ಲಿ ಬ್ರೇಕ್ ಪೆಡಲ್ ಸ್ವಲ್ಪ ದೂರ ಹೋಗಿ ಗಟ್ಟಿಯಾಗಿ ನಿಲ್ಲತ್ತೆ. ಅಲ್ಲಿಂದ ಮುಂದೆ ದೂರದ ಲೆಕ್ಕ ಇಲ್ಲ, ಎಷ್ಟು ಒತ್ತಿದಿರಿ ಅನ್ನೋದೇ ಲೆಕ್ಕ. ನಮ್ಮ ಕಾಲು ದೂರವನ್ನ ಸರಿಯಾಗಿ ನೆನಪಿಟ್ಟುಕೊಳ್ಳಲ್ಲ, ಒತ್ತಡವನ್ನ ನೆನಪಿಟ್ಟುಕೊಳ್ಳತ್ತೆ. ದಿನಾ ಸ್ಕೂಟರ್ ಓಡಿಸೋರು ಬ್ರೇಕ್ ಎಷ್ಟು ಇಂಚು ಒತ್ತಬೇಕು ಅಂತ ಯೋಚಿಸ್ತಾರಾ?

ಆ ಒತ್ತಡವನ್ನ ಅಳೆಯೋ ಸಾಧನದ ಹೆಸರು ಲೋಡ್ ಸೆಲ್. ಹೆಸರು ದೊಡ್ಡದು, ಸಾಮಾನು ನಿಮಗೆ ಗೊತ್ತಿರೋದೇ. ಕೆ.ಆರ್. ಪುರದ ಸಂತೆಯಲ್ಲಿ ಟೊಮೆಟೊ ತೂಗೋ ಎಲೆಕ್ಟ್ರಾನಿಕ್ ತಕ್ಕಡಿ ತಟ್ಟೆ ಕೆಳಗೆ ಇರೋದು ಅದೇ. ಒಂದು ಲೋಹದ ತುಂಡು, ಅದರ ಮೇಲೆ ಅಂಟಿಸಿದ ಸಣ್ಣ ತಂತಿ ಜಾಲ. ಭಾರ ಬಿದ್ದಾಗ ಲೋಹ ಕಣ್ಣಿಗೆ ಕಾಣದಷ್ಟು ಬಾಗತ್ತೆ, ತಂತಿ ಹಿಗ್ಗತ್ತೆ, ವಿದ್ಯುತ್ತಿಗೆ ತಡೆ ಬದಲಾಗತ್ತೆ. ಅಷ್ಟೇ ಕಥೆ. ಈ ಲೋಡ್ ಸೆಲ್ ಇರೋ ಬ್ರೇಕ್ ಹಾಕಿದ ಮೇಲೆ ಹುಡುಗರು ಪ್ರತಿ ಸುತ್ತಲ್ಲೂ ಒಂದೇ ಜಾಗದಲ್ಲಿ ಕಾರು ನಿಲ್ಲಿಸೋಕೆ ಕಲೀತಾರೆ. ವೇಗ ಬರೋದು ಸ್ಟೀರಿಂಗಿನಿಂದ ಅಂತ ಎಲ್ಲ ಅಂದುಕೊಂಡಿರ್ತಾರೆ, ರೇಸಿನಲ್ಲಿ ಸಮಯ ಉಳಿಯೋದು ಬ್ರೇಕಿನಲ್ಲಿ. ಎಸ್.ಪಿ. ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಲೋಡ್ ಸೆಲ್ ತಂದು, ಒಂದು ಪುಟ್ಟ ಆರ್ಡುಯಿನೋ ಬೋರ್ಡಿಗೆ ಬೆಸುಗೆ ಹಾಕಿ ತಾವೇ ಬ್ರೇಕ್ ಮಾಡಿಕೊಳ್ಳೋ ಹುಡುಗರಿದ್ದಾರೆ. ಇದನ್ನ ಹೇಳಿದಾಗ ದೂರವಾಣಿನಗರದ ಯಜಮಾನರ ದನಿಯೇ ಬದಲಾಯ್ತು. "ಹೌದಾ? ಬೆಸುಗೆ ನಾನೇ ಹಾಕಿಕೊಡ್ತೀನಿ" ಅಂದರು.

ಇನ್ನು ವಿಮಾನದ ಜಾಯ್‌ಸ್ಟಿಕ್. ಇದರ ಲೆಕ್ಕವೇ ಬೇರೆ. ಯಾಕಂದ್ರೆ ಇಲ್ಲಿ ಒಂದು ಪ್ರಶ್ನೆ ಮೊದಲು ಕೇಳಬೇಕು: ನಿಜವಾದ ಯಂತ್ರ ಪೈಲಟ್‌ನ ಕೈಗೆ ಏನಾದ್ರೂ ಹೇಳತ್ತಾ? ಏರ್‌ಬಸ್ ಎ320 ತಗೊಳ್ಳಿ, ನಾವು ನೀವು ದೇಶದೊಳಗೆ ಹೆಚ್ಚಾಗಿ ಹಾರಾಡೋ ವಿಮಾನ. ಪೈಲಟ್ ಪಕ್ಕದಲ್ಲಿ ಒಂದು ಸಣ್ಣ ಸೈಡ್‌ಸ್ಟಿಕ್ ಇರತ್ತೆ. ರೆಕ್ಕೆಗೂ ಅದಕ್ಕೂ ತಂತಿ ಸಂಕೇತ ಬಿಟ್ಟರೆ ಬೇರೆ ಸಂಬಂಧ ಇಲ್ಲ. ಗಾಳಿಯ ಒತ್ತಡ ಅದಕ್ಕೆ ಬರಲ್ಲ, ಒಳಗಿರೋದು ಸ್ಪ್ರಿಂಗು. ಅಂದಮೇಲೆ ಮನೆಯಲ್ಲಿ ಸ್ಪ್ರಿಂಗ್ ಇರೋ ಜಾಯ್‌ಸ್ಟಿಕ್ ಇಟ್ಟುಕೊಂಡ ಹುಡುಗ ಅಸಲಿಗೆ ಬಹಳ ಹತ್ತಿರವೇ ಇದ್ದಾನೆ! ಥ್ರಸ್ಟ್‌ಮಾಸ್ಟರ್ ಕಂಪನಿ 2020ರಲ್ಲಿ ಏರ್‌ಬಸ್‌ನ ಅನುಮತಿ ಪಡೆದೇ ಅಂಥ ಸ್ಟಿಕ್ ತಂದಾಗ ಬೆಲೆ 100 ಡಾಲರ್‌ಗಿಂತ ಕಮ್ಮಿ ಇತ್ತು.

ಕೈಗೆ ಸುದ್ದಿ ಬರೋದು, ಬರದೇ ಇರೋದು ಆಟದ ಮಾತಷ್ಟೇ ಅಂತ ತಿಳೀಬೇಡಿ. 1990ರ ಫೆಬ್ರವರಿ 14. ಮುಂಬೈನಿಂದ ಬರ್ತಿದ್ದ ಇಂಡಿಯನ್ ಏರ್‌ಲೈನ್ಸ್‌ನ 605ನೇ ವಿಮಾನ, ಆಗಷ್ಟೇ ಹೊಸದಾಗಿ ಬಂದಿದ್ದ ಎ320, ನಮ್ಮ ಎಚ್‌ಎಎಲ್ ನಿಲ್ದಾಣದ ರನ್‌ವೇಗಿಂತ ಮೊದಲೇ ಗಾಲ್ಫ್ ಮೈದಾನದ ಬಳಿ ನೆಲಕ್ಕೆ ಬಡಿಯಿತು. 146 ಜನರಲ್ಲಿ 92 ಜನ ಸತ್ತರು. ಕೃಷ್ಣರಾಜಪುರದ, ಹಲಸೂರಿನ, ಇಂದಿರಾನಗರದ ಹಳಬರಿಗೆ ಆ ಮಧ್ಯಾಹ್ನದ ಹೊಗೆ ಇನ್ನೂ ನೆನಪಿದೆ. ಇಳಿಯುವಾಗ ಇಂಜಿನ್‌ಗಳು ಐಡಲ್‌ನಲ್ಲಿದ್ದವು, ವೇಗವೂ ಎತ್ತರವೂ ಇಳಿಯುತ್ತಿದ್ದುದು ಪೈಲಟ್‌ಗಳ ಗಮನಕ್ಕೆ ಬಂದಾಗ ತಡವಾಗಿತ್ತು. ಎ320ರಲ್ಲಿ ಕಂಪ್ಯೂಟರು ಇಂಜಿನ್ನಿನ ಶಕ್ತಿ ಏರಿಸಿದರೂ ಇಳಿಸಿದರೂ ಪೈಲಟ್‌ನ ಕೈಕೆಳಗಿನ ಥ್ರಸ್ಟ್ ಲಿವರ್ ಅಲುಗಾಡಲ್ಲ. ಹಳೇ ವಿಮಾನಗಳಲ್ಲಿ ಲಿವರ್ ತಾನೇ ಹಿಂದೆ ಮುಂದೆ ಹೋಗ್ತಿತ್ತು, ಕೈಗೆ ಗೊತ್ತಾಗ್ತಿತ್ತು. ಕಣ್ಣಿಂದ ಮೀಟರ್ ನೋಡಿದರೆ ಸಾಕಾ, ಕೈಗೂ ಗೊತ್ತಾಗಬೇಕಾ ಅನ್ನೋ ವಾದ ವಿಮಾನ ಲೋಕದಲ್ಲಿ ಇವತ್ತಿಗೂ ಮುಗಿದಿಲ್ಲ. ಅಪಘಾತಕ್ಕೆ ಅದೊಂದೇ ಕಾರಣ ಅಂತ ನಾನು ಹೇಳ್ತಿಲ್ಲ. ಕೈಗೆ ಬರೋ ಸುದ್ದಿಗೆ ಯಾಕೆ ಜನ ದುಡ್ಡು ಕೊಡ್ತಾರೆ ಅಂತ ಹೇಳ್ತಿದ್ದೀನಿ.

ಇನ್ನೊಂದು ಸ್ವಾರಸ್ಯ. ಅಮೆರಿಕದ ಎಫ್-16 ಯುದ್ಧ ವಿಮಾನದ ಸ್ಟಿಕ್ ಮೊದಲು ಅಲುಗಾಡುತ್ತಲೇ ಇರಲಿಲ್ಲ. ಒತ್ತಿದ ಬಲವನ್ನಷ್ಟೇ ಅಳೆಯುತ್ತಿತ್ತು. ಪೈಲಟ್‌ಗಳಿಗೆ ಕಂಬ ಹಿಡಿದ ಹಾಗೆ ಅನ್ನಿಸಿ, ಬೇಕೆಂತಲೇ ಒಂಚೂರು ಅಲುಗಾಟ ಕೊಟ್ಟರು. ನಮ್ಮ ತೇಜಸ್ ಕೂಡ ಪೂರ್ತಿ ಕಂಪ್ಯೂಟರ್ ಮೂಲಕ ಹಾರೋ ವಿಮಾನ. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೊಠಿಯಾಲ್ ಅದನ್ನ ಮೊದಲ ಸಲ ಬೆಂಗಳೂರಿನ ಆಕಾಶಕ್ಕೆ ಏರಿಸಿದರಲ್ಲ, ಅದಕ್ಕೆ ಮುಂಚೆ ವರ್ಷಗಟ್ಟಲೆ ಕೆಲಸ ಸಿಮ್ಯುಲೇಟರ್‌ಗಳಲ್ಲಿ ನಡೆದಿತ್ತು. ಒಂದು ಇದ್ದದ್ದು ಕೆ.ಆರ್. ಪುರದಿಂದ ಕೂಗಳತೆಯ ಸಿ.ವಿ. ರಾಮನ್ ನಗರದ ಎಡಿಇಯಲ್ಲಿ. ಹೆಲಿಕಾಪ್ಟರ್ ಪೈಲಟ್‌ಗಳಿಗೆ ಅಂತಲೇ ಎಚ್‌ಎಎಲ್ ಮತ್ತು ಕೆನಡಾದ ಸಿಎಇ ಸೇರಿ ನಡೆಸುವ ತರಬೇತಿ ಕೇಂದ್ರವೂ ಇದೇ ಬೆಂಗಳೂರಿನಲ್ಲಿದೆ. ಅಂಥ ಕಡೆ ಸ್ಟಿಕ್ ಎಷ್ಟು ದೂರಕ್ಕೆ ಎಷ್ಟು ಬಲ ಕೇಳತ್ತೆ ಅನ್ನೋದನ್ನ ಅಸಲಿ ವಿಮಾನದ ಅಳತೆಗೆ ಹೋಲಿಸಿ ಪರೀಕ್ಷೆ ಮಾಡಿಯೇ ಮಂಜೂರಾತಿ ಕೊಡೋದು. ಮನೆಗೆ ತರುವ ಎಷ್ಟೇ ದುಬಾರಿ ಸ್ಟಿಕ್ಕಿಗೂ ಆ ಮುದ್ರೆ ಇಲ್ಲ. ಮನೆಯಲ್ಲಿ ಸಾವಿರ ಗಂಟೆ ಹಾರಿಸಿದರೂ ಲೈಸೆನ್ಸ್ ಲೆಕ್ಕಕ್ಕೆ ಒಂದು ನಿಮಿಷವೂ ಸೇರಲ್ಲ.

ಹಾಗಿದ್ದರೂ ದುಬಾರಿ ಜಾಯ್‌ಸ್ಟಿಕ್‌ಗಳಿಗೆ ನಲವತ್ತು, ಐವತ್ತು ಸಾವಿರ ಯಾಕೆ? ಒಂದು, ಲೋಹ. ಥ್ರಸ್ಟ್‌ಮಾಸ್ಟರ್‌ನ ವಾರ್ಟ್‌ಹಾಗ್ ಅನ್ನೋದು ಸ್ಟಿಕ್ಕು ಥ್ರಾಟಲ್ಲು ಸೇರಿ ಆರು ಕಿಲೋ ಮೇಲಿದೆ. ಎರಡು, ಸೆನ್ಸರು. ಪೊಟೆನ್ಷಿಯೋಮೀಟರಲ್ಲಿ ಒಳಗಿನ ಭಾಗಗಳು ಒಂದಕ್ಕೊಂದು ಉಜ್ಜಿ ಸವೆಯತ್ತೆ, ಕೈ ಬಿಟ್ಟರೂ ವಿಮಾನ ಒಂದು ಕಡೆ ವಾಲತ್ತೆ. ಅದರ ಬದಲು ಆಯಸ್ಕಾಂತದಿಂದ ಅಳೆಯೋ ಹಾಲ್ ಸೆನ್ಸರ್ ಹಾಕಿದರೆ ಉಜ್ಜಾಟವೇ ಇಲ್ಲ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ತತ್ವ, ಇವತ್ತು ನಿಮ್ಮ ಎಲೆಕ್ಟ್ರಿಕ್ ಸ್ಕೂಟರಿನ ಆಕ್ಸಿಲರೇಟರ್ ಒಳಗೂ ಸಾಮಾನ್ಯವಾಗಿ ಇರೋದು ಅದೇ. ಆ ಬಿಡಿಭಾಗದ ಬೆಲೆ ಕೆಲವೇ ರೂಪಾಯಿ. ಹಾಗಾಗಿ ಡಬ್ಬದ ಮೇಲೆ 'ಹಾಲ್ ಸೆನ್ಸರ್' ಅಂತ ದಪ್ಪಕ್ಷರದಲ್ಲಿ ಬರೆದು ಇಪ್ಪತ್ತು ಸಾವಿರ ಜಾಸ್ತಿ ಕೇಳಿದರೆ ನಗಬೇಕು. ಅದು ಹತ್ತು ಸಾವಿರದೊಳಗಿನ ಸ್ಟಿಕ್ಕಿನಲ್ಲೂ ಸಿಗತ್ತೆ.

ಕೃಷ್ಣರಾಜಪುರ ಅಂದಮೇಲೆ ರೈಲು ಬಿಡೋಕಾಗತ್ತಾ? ಇಂಜಿನ್‌ಗಳ ಮೈಮೇಲೆ ಕೆಜೆಎಂ ಅಂತ ಬರೆದಿರೋದು ನೋಡಿರ್ತೀರಿ, ಅದು ಇಲ್ಲಿನ ಲೋಕೋ ಶೆಡ್ಡಿನ ಗುರುತು. ದೇಶದಲ್ಲೆಲ್ಲ ರೈಲು ಹುಚ್ಚಿನ ಹುಡುಗರು ಟ್ರೈನ್ ಸಿಮ್ಯುಲೇಟರ್ ಆಡುವಾಗ ಇಂಥ ಶೆಡ್ಡುಗಳ ಹೆಸರು, ಬಣ್ಣ ಹುಡುಕಿ ಹಾಕಿಕೊಳ್ತಾರೆ. ಅವರಿಗೂ ರೈಲು ಲಿವರ್‌ಗಳ ಕಂಟ್ರೋಲರ್ ಮಾರೋರಿದ್ದಾರೆ. ಆದರೆ ಡೀಸೆಲ್ ಇಂಜಿನ್ನಿನ ಥ್ರಾಟಲ್‌ಗೆ ಇರೋದು 8 ನಾಚು. ಒಂದು, ಎರಡು, ಮೂರು ಅಂತ ಟಕ್ ಟಕ್ ಏರಿಸೋದು. ಅಸಲಿಯೇ ಗಡಿಯಾರದ ಮುಳ್ಳಿನಂತೆ ಮೆಟ್ಟಿಲು ಮೆಟ್ಟಿಲು ಹೋಗುವಾಗ, ನಾಜೂಕಿನ ಹೆಸರಲ್ಲಿ ದುಡ್ಡು ಸುರಿಯೋದು ಯಾತಕ್ಕೆ? ಕೀಬೋರ್ಡ್ ಸಾಕು.

ಅಂದರೆ ಸ್ಟೀರಿಂಗಿಗೆ ಕೊಟ್ಟ ದುಡ್ಡಿಗೆ ಅರ್ಥ ಇದೆ, ಯಾಕಂದ್ರೆ ಕಾರು ಕೈಗೆ ಮಾತಾಡತ್ತೆ. ಆದರೆ ಆ ಅರ್ಥ ಯಾರಿಗೆ, ಎಷ್ಟು? ಇಲ್ಲಿಗೆ ಒಂದು ಹಳೇ ಕಥೆ ಹೇಳಬೇಕು.

ಅಮೆರಿಕದ ಎಡ್ವಿನ್ ಲಿಂಕ್ ಅನ್ನೋ ಯುವಕ. ಅಪ್ಪನದು ಪಿಯಾನೋ, ಆರ್ಗನ್ ಮಾಡೋ ಕಾರ್ಖಾನೆ. ನಮ್ಮ ಹಾರ್ಮೋನಿಯಂನಲ್ಲಿ ತಿದಿ ಇರತ್ತಲ್ಲ, ಅಂಥ ತಿದಿಗಳನ್ನೇ ಜೋಡಿಸಿ, ಗಾಳಿ ತುಂಬಿ ವಾಲಾಡಿಸೋ ಒಂದು ಪುಟ್ಟ ಮರದ ವಿಮಾನವನ್ನ 1929ರ ಹೊತ್ತಿಗೆ ಮಾಡಿದ. ಹಾರಾಟ ಕಲಿಸೋಕೆ ಅಂತ ಮಾಡಿದ್ದು. ಯಾರೂ ಕೊಳ್ಳಲಿಲ್ಲ. ಕೊಂಡೋರು ಯಾರು ಗೊತ್ತಾ? ಜಾತ್ರೆಯವರು! ಕಾಸು ಹಾಕಿ ಕೂತು ತೂಗಾಡೋ ಆಟಿಕೆಯಾಗಿ ಮಾರಾಟವಾಯ್ತು. 1934ರಲ್ಲಿ ಅಮೆರಿಕದ ಸೇನೆಗೆ ಅಂಚೆ ಸಾಗಿಸೋ ಕೆಲಸ ಬಿತ್ತು. ಕತ್ತಲು, ಮಂಜಿನಲ್ಲಿ ಉಪಕರಣ ನೋಡಿ ಹಾರಿಸೋ ಅಭ್ಯಾಸ ಇಲ್ಲದೆ ಕೆಲವೇ ವಾರಗಳಲ್ಲಿ ಹನ್ನೆರಡು ಜನ ಪೈಲಟ್‌ಗಳು ಸತ್ತರು. ಆಗ ಸೇನೆ ಅದೇ ಜಾತ್ರೆ ಆಟಿಕೆಯನ್ನ ಒಂದಕ್ಕೆ 3,500 ಡಾಲರ್ ಕೊಟ್ಟು ಆರು ಕೊಂಡಿತು. ಯಂತ್ರ ಅದೇ, ತಿದಿ ಅದೇ. ನಿಜದ ಆಕಾಶದಲ್ಲಿ ತಪ್ಪು ಮಾಡಿದರೆ ಏನಾಗತ್ತೆ ಅಂತ ಗೊತ್ತಾದ ಮೇಲೆ ಬೆಲೆ ದುಬಾರಿ ಅನ್ನಿಸಲಿಲ್ಲ.

ಇದೇ ಅಳತೆಗೋಲನ್ನ ರೇಸಿಗೆ ಇಡಿ. 2025ರ ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿನ ಹುಡುಗ ಕುಶ್ ಮೈನಿ ಮೊನಾಕೊದಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದ. ಅಲ್ಲಿ ಗೆದ್ದ ಮೊದಲ ಭಾರತೀಯ. ಮೊನಾಕೊ ಟ್ರ್ಯಾಕ್ ಅಂದರೆ ಏನು? ಊರಿನ ರಸ್ತೆ! ರೇಸಿನ ದಿನ ಬಿಟ್ಟರೆ ಅಲ್ಲಿ ಬಸ್ಸು, ಸ್ಕೂಟರು ಓಡಾಡ್ತಿರ್ತವೆ. ಯಾರೂ ಹೋಗಿ ಪ್ರಾಕ್ಟೀಸ್ ಮಾಡೋಕಾಗಲ್ಲ. ತಡೆಗೋಡೆ ಪಕ್ಕದಲ್ಲೇ, ತಪ್ಪಿದರೆ ಕಾರು ಜಜ್ಜಿ ಹೋಗತ್ತೆ. ಮೇಲಾಗಿ ಫಾರ್ಮುಲಾ 2 ಕಾರಿಗೆ ಪವರ್ ಸ್ಟೀರಿಂಗ್ ಇಲ್ಲ. ಅಂಥ ಮಟ್ಟಕ್ಕೆ ತಯಾರಾಗೋರಿಗೆ ಭಾರವಾದ ಸ್ಟೀರಿಂಗಿನ ಸಿಮ್ಯುಲೇಟರು ಶೋಕಿ ಅಲ್ಲ, ಕಸುಬಿನ ಸಲಕರಣೆ. ಕರ್ನಾಟಕದಲ್ಲಿ ಕಾರ್ಟಿಂಗ್ ಟ್ರ್ಯಾಕ್ ಇದೆ, ಆದರೆ ದೊಡ್ಡ ರೇಸ್ ಕಾರು ಓಡಿಸೋಕೆ ಚೆನ್ನೈಗೋ ಕೊಯಮತ್ತೂರಿಗೋ ಹೋಗಬೇಕು. ಟೈರು, ಪೆಟ್ರೋಲು, ಕಾರ್ ಬಾಡಿಗೆ, ಲಾಡ್ಜು ಅಂತ ಎರಡು ಮೂರು ಸಲ ಹೋಗಿ ಬರೋ ಹುಡುಗನಿಗೆ ಮನೆಯಲ್ಲಿರೋ ಒಂದೂವರೆ ಲಕ್ಷದ ಸೆಟ್ಟು ಅಗ್ಗ.

ಆದರೆ ಸಿನಿಮಾ ನೋಡಿ ಮರುಳಾಗಬೇಡಿ. ಬ್ರಿಟನ್ನಿನ ಜಾನ್ ಮಾರ್ಡನ್‌ಬರೋ 2011ರಲ್ಲಿ ವಿಡಿಯೋ ಗೇಮ್ ಸ್ಪರ್ಧೆ ಗೆದ್ದು ನಿಜವಾದ ರೇಸರ್ ಆದದ್ದು ಸತ್ಯ, 2023ರಲ್ಲಿ 'ಗ್ರಾನ್ ಟುರಿಸ್ಮೊ' ಸಿನಿಮಾ ಬಂದಿದ್ದೂ ಸತ್ಯ. ಗೇಮಿನಿಂದ ಟ್ರ್ಯಾಕಿಗೆ ದಾಟಿದವರನ್ನ ಬೆರಳೆಣಿಕೆಯಲ್ಲಿ ಎಣಿಸಬಹುದು ಅನ್ನೋದೂ ಅಷ್ಟೇ ಸತ್ಯ. ಫಿನ್ಲೆಂಡಿನ ಗ್ರೆಗರ್ ಹುಟ್ಟು ಅಂತ ಒಬ್ಬ, ಕಂಪ್ಯೂಟರ್ ರೇಸಿಂಗ್‌ನಲ್ಲಿ ಅವನನ್ನ ಮೀರಿಸೋರೇ ಇರಲಿಲ್ಲ. 2010ರ ಹೊತ್ತಿಗೆ ಅವನನ್ನ ಅಮೆರಿಕದಲ್ಲಿ ನಿಜವಾದ ರೇಸ್ ಕಾರಲ್ಲಿ ಕೂರಿಸಿದರು. ಎಲ್ಲಿ ಬ್ರೇಕ್ ಹಾಕಬೇಕು, ಎಲ್ಲಿ ತಿರುಗಬೇಕು ಎಲ್ಲ ಸರಿಯಾಗಿ ಗೊತ್ತಿತ್ತು. ಮೈ ತಡೀಲಿಲ್ಲ, ಹೆಲ್ಮೆಟ್ ಒಳಗೇ ವಾಂತಿ ಮಾಡಿಕೊಂಡ. ಕೈಗೆ ಮಾತಾಡೋ ಮೋಟಾರಿಗೆ ದುಡ್ಡು ಕೊಡಬಹುದು, ಹೊಟ್ಟೆಗೂ ಕತ್ತಿಗೂ ಬೀಳೋ ಹೊಡೆತ ಯಾವ ಅಂಗಡಿಯಲ್ಲೂ ಸಿಗಲ್ಲ.

"ಅಟ್‌ಲೀಸ್ಟ್ ಡ್ರೈವಿಂಗ್ ಕಲೀತಾನಾ ಸಾರ್?" ಅಂತ ಅಪ್ಪ ಕೇಳಿದರು. ಸ್ವಲ್ಪ. 2021ರ ಜುಲೈನಿಂದ ಜಾರಿಗೆ ಬಂದ ಕೇಂದ್ರದ ನಿಯಮದಲ್ಲಿ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರದಲ್ಲಿ ಸಿಮ್ಯುಲೇಟರ್ ಇರಲೇಬೇಕು ಅಂತ ಇದೆ. ಕ್ಲಚ್ಚು ಗೇರು ಹೊಂದಿಸೋದು, ಕಾಲಿನ ಅಭ್ಯಾಸ ಇವೆಲ್ಲ ಬರತ್ತೆ. ಆದರೆ ಕೆಎ 53 ಬೋರ್ಡಿನ ಗಾಡಿ ತಗೊಂಡು ಸಂಜೆ ಆರೂವರೆಗೆ ಟಿನ್ ಫ್ಯಾಕ್ಟರಿ ದಾಟಿ ಹ್ಯಾಂಗಿಂಗ್ ಬ್ರಿಡ್ಜ್ ಹತ್ತೋದನ್ನ ಕಲಿಸೋ ಗೇಮ್ ಇನ್ನೂ ಬಂದಿಲ್ಲ. ಎಡಗಡೆಯಿಂದ ನುಗ್ಗೋ ಆಟೋಗೆ ಯಾವ ಸಾಫ್ಟ್‌ವೇರ್ ಬರೀತಾರೆ? ಆ ಕಲಿಕೆಗೆ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರ ಬೈಗುಳವೇ ಬೇಕು.

ಪಟ್ಟಿಯಲ್ಲಿ ಇಲ್ಲದ ಖರ್ಚುಗಳ ವಿಷಯ. ಭಾರದ ಮೋಟಾರನ್ನ ಸಾದಾ ಮೇಜಿಗೆ ಬಿಗಿದರೆ ಮೇಜೇ ಅಲ್ಲಾಡತ್ತೆ, ಅದಕ್ಕೇ ಕಬ್ಬಿಣದ ಸ್ಟ್ಯಾಂಡು. ಸ್ಟ್ಯಾಂಡು ಅಂದರೆ ಜಾಗ. ಒಂದು ಬೆಡ್‌ರೂಮಿನ ಮನೆಯಲ್ಲಿ ಅದೊಂದು ಮಂಚದಷ್ಟು ನೆಲ ತಿನ್ನತ್ತೆ. ಗಟ್ಟಿ ಬ್ರೇಕ್ ಅಂದರೆ ರಾತ್ರಿ ಹನ್ನೊಂದಕ್ಕೆ ನೆಲಕ್ಕೆ ದಬದಬ, ಕೆಳಗಿನ ಮನೆಯ ಓನರ್ ಆಂಟಿ ಮೆಟ್ಟಿಲು ಹತ್ತಿ ಬರ್ತಾರೆ. ಗಾಲಿ ಕುರ್ಚಿಯಲ್ಲಿ ಕೂತು ಬ್ರೇಕ್ ಒತ್ತಿದರೆ ಕುರ್ಚಿಯೇ ಹಿಂದಕ್ಕೆ ಓಡತ್ತೆ, ಗಾಲಿಗಳನ್ನ ಹಳೇ ಶೂ ಒಳಗೆ ಇಟ್ಟು ಆಡೋ ಹುಡುಗರಿದ್ದಾರೆ, ಅದು ಫ್ರೀ. ಪ್ಲೇಸ್ಟೇಷನ್‌ಗೆ ಅಂತ ಮಾಡಿದ ಸ್ಟೀರಿಂಗ್ ಎಕ್ಸ್‌ಬಾಕ್ಸ್‌ನಲ್ಲಿ ನಡೆಯಲ್ಲ, ಕೇಳದೆ ತಂದರೆ ಷೋಕೇಸಿಗೆ ಇಡಬೇಕು. ಒಂದು ಕಂಪನಿಯ ಮೋಟಾರಿಗೆ ಇನ್ನೊಂದು ಕಂಪನಿಯ ಚಕ್ರ ಸುಮ್ಮನೆ ಕೂರಲ್ಲ. ವಿದೇಶದಿಂದ ಸ್ನೇಹಿತನ ಸೂಟ್‌ಕೇಸಲ್ಲಿ ತರಿಸಿದ್ದು ಕೆಟ್ಟರೆ ಇಲ್ಲಿ ವಾರಂಟಿ ಕೇಳೋರು ಯಾರು? ದೊಡ್ಡ ಹೆಸರಿದ್ದರೆ ಸಾಕು ಅನ್ನೋಕೂ ಇಲ್ಲ. ಈ ಕ್ಷೇತ್ರದಲ್ಲೇ ಹೆಸರಾದ ಫನಾಟೆಕ್‌ನ ಮಾತೃಸಂಸ್ಥೆ, ಜರ್ಮನಿಯ ಎಂಡೋರ್, 2024ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯ್ತು. ಕೋರ್ಸೇರ್ ಕಂಪನಿ ಕೊಂಡುಕೊಂಡಿದ್ದಕ್ಕೆ ಬ್ರ್ಯಾಂಡ್ ಉಳೀತು.

ಯಜಮಾನರಿಗೆ ನಾನು ಹೇಳಿದ್ದು ಇಷ್ಟು. ನಿಮ್ಮ ಹುಡುಗ ವಾರಕ್ಕೆ ಎಷ್ಟು ಗಂಟೆ ಆಡ್ತಾನೆ ಕೇಳಿ. ಭಾನುವಾರ ಎರಡು ಗಂಟೆ ಅಂದರೆ 30 ಸಾವಿರದ್ದು ತರಲಿ, ಅದೂ ಫೀಸು ಕಟ್ಟಿದ ಮೇಲೆ, ಇಎಂಐ ಇಲ್ಲದೆ. ದಿನಾ ಆಡ್ತಾನೆ, ಲೀಗ್ ರೇಸ್‌ಗಳಿಗೆ ಇಳಿದಿದ್ದಾನೆ, ತನ್ನ ಸುತ್ತಿನ ಸಮಯ ಬರೆದಿಡ್ತಾನೆ ಅಂದರೆ ಮೊದಲು ಬ್ರೇಕ್ ಬದಲಾಯಿಸಲಿ. ಆರು ತಿಂಗಳಾದ ಮೇಲೂ ಹಸಿವು ಇದ್ದರೆ ಐದಾರು ನ್ಯೂಟನ್ ಮೀಟರಿನ ಸಣ್ಣ ಡೈರೆಕ್ಟ್ ಡ್ರೈವ್. ಅಲ್ಲಿಗೆ ಪಟ್ಟಿಯ ಅರ್ಧ ದುಡ್ಡು ಉಳೀತು. 11 ನ್ಯೂಟನ್ ಮೀಟರಿನ ಮೋಟಾರು ಚೆನ್ನೈಗೆ ಹೋಗಿ ರೇಸ್ ಕಾರಿನಲ್ಲಿ ಕೂರೋನಿಗೆ. ಇನ್ನು ಸೆಕೆಂಡ್ ಹ್ಯಾಂಡ್ ಕಾರಿನ ಮಾತು. ಆ ಕಾರಿಗೆ ಇನ್ಶೂರೆನ್ಸು, ಪೆಟ್ರೋಲು, ಪಾರ್ಕಿಂಗ್ ಜಾಗ ಬೇಕು. ಆ ಹೋಲಿಕೆ ಕೈಬಿಡಿ.

ಸೆಕೆಂಡ್ ಹ್ಯಾಂಡ್ ಅಂದಾಗ ನೆನಪಾಯ್ತು. ಉತ್ಸಾಹದಲ್ಲಿ ಕೊಂಡು ನಾಲ್ಕು ತಿಂಗಳಿಗೆ ಮೂಲೆಗೆ ಸೇರಿದ ಸ್ಟೀರಿಂಗ್‌ಗಳು ಈ ಊರಿನಲ್ಲಿ ಬೇಕಾದಷ್ಟಿವೆ. ಕೊಳ್ಳೋಕೆ ಹೋದಾಗ ಬರೀ ಚಕ್ರ ತಿರುಗಿಸಿ ನೋಡಿ ಬರಬೇಡಿ. ಕರೆಂಟಿಗೆ ಹಾಕಿಸಿ. ಗೇರಿನ ಸ್ಟೀರಿಂಗ್ ಆದರೆ ಆನ್ ಆದ ಕೂಡಲೇ ಅದು ತಾನೇ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿ ನಡುವಿಗೆ ಬಂದು ನಿಲ್ಲಬೇಕು. ನಡುವಿನಲ್ಲಿ ಹಿಡಿದು ಅಲ್ಲಾಡಿಸಿದಾಗ ಲಟಲಟ ಅಂದರೆ ಗೇರು ಸವೆದಿದೆ. ಕಂಪ್ಯೂಟರಿನಲ್ಲಿ ಪೆಡಲ್ ಗೆರೆ ನೋಡಿ, ಕಾಲು ತೆಗೆದ ಮೇಲೂ ಗೆರೆ ನಡುಗ್ತಿದ್ದರೆ ಪೊಟೆನ್ಷಿಯೋಮೀಟರ್ ಹೋಗಿದೆ. ಅರ್ಧ ಗಂಟೆ ಆಡಿ, ಮೋಟಾರು ಬಿಸಿಯಾದ ಮೇಲೆ ಬಲ ಇಳಿಯತ್ತಾ ನೋಡಿ. ಬಿಲ್ ಇದೆಯಾ ಕೇಳಿ, ಪವರ್ ಅಡಾಪ್ಟರ್ ಕಂಪನಿಯದ್ದೇ ಕೊಡ್ತಿದ್ದಾರಾ ಅಂತಾನೂ ನೋಡ್ಕೊಳ್ಳಿ.